ಹನ್ನೆರಡು ಒಂದುಗಳು

ಆಗೆಲ್ಲ ಬೆಟಗೇರಿಯ ನಮ್ಮ ಓಣಿಯಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಮಗ್ಗಗಳೂ ನಿದ್ದೆ ಹೋಗುವ ಹೊತ್ತು. ಹಿರಿಯರು ಉಂಡು ಅಡ್ಡಾದರೆ, ನೂಲಿನ ಗಂಜಿಯ ವಾಸನೆಯಲ್ಲಿ ನಾವು ಮಕ್ಕಳು ಮಂಡಕ್ಕಿ, ಉಳ್ಳಾಗಡ್ಡಿ ತಿನ್ನುತ್ತ ಪಣ ಕಟ್ಟಿ ಆಡುತ್ತಿದ್ದೆವು. ಚೌಕಾಸಿಯಲ್ಲಿ ನನ್ನದು ಆಗಲೇ ಎತ್ತಿದ ಕೈ.

ನಾನು ಏಳನೆಯ ಇಯತ್ತೆ ಮುಗಿಸಿದ ವರ್ಷ. ಮಲ್ಲಸಮುದ್ರದಿಂದ ರಜೆಗೆ ಬಂದಿದ್ದ ಸೋದರತ್ತೆಯ ಮಗ ಬಸ್ಯಾ ಮಗ್ಗದ ಕೋಣೆಯ ಗೋಡೆಗೆ ಇದ್ದಿಲಿನಿಂದ ಹನ್ನೆರಡು ಒಂದುಗಳನ್ನು ಬರೆದ: 111111111111.

"ಶೇಷ ಉಳೀದಂಗ ಇದನ್ನ ಭಾಗಿಸೋ ಐದು ಸಂಖ್ಯಾ ಹೇಳು. ಒಂದನ್ನ ಹೇಳಂಗಿಲ್ಲ, ಇದನ್ನೂ ಹೇಳಂಗಿಲ್ಲ. ಅಜ್ಜಿ ಮಗ್ಗ ಶುರು ಮಾಡೂತನಾ ಟೈಮು."

"ಗೆದ್ರ?"

"ನನ್ನ ಬುಗುರಿ ನಿನಗ. ಸೋತ್ರ ಏನ್ ಕೊಡ್ತಿ?"

ನನ್ನ ಬಳಿ ಏನೂ ಇರಲಿಲ್ಲ. ಅಜ್ಜಿಯ ಲಾಳಿ ಎತ್ತಿ ಅವನ ಕೈಗಿಟ್ಟೆ. ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಆ ಕಟ್ಟಿಗೆಯ ಲಾಳಿ ಸವೆದು ಸವೆದು ಅವಳ ಅಂಗೈಗೆ ಹೊಂದಿತ್ತು. ಬೇರೆಯದನ್ನು ಆಕೆ ಮುಟ್ಟುತ್ತಿರಲಿಲ್ಲ. ಸಂಜೆಯೊಳಗೆ ಮಗ್ಗದಿಂದ ಒಂದು ಸೀರೆ ಇಳಿಯಬೇಕಿತ್ತು ಬೇರೆ. ಇಷ್ಟುದ್ದದ ಸಂಖ್ಯೆಯಲ್ಲಿ ಐದು ಸಿಗುವುದಿಲ್ಲವೇ ಎಂಬ ಧೈರ್ಯ ನನಗೆ. ನನ್ನ ಮಾತು ಕೇಳಿ: ಸರಕು ತಿರುವಿ ನೋಡದೆ ಯಾರಿಗೂ ಮಾತು ಕೊಡಬೇಡಿ.

ಕೊನೆಯಲ್ಲಿ ಒಂದು ಇರುವುದರಿಂದ ಎರಡು, ನಾಲ್ಕು, ಐದು, ಆರು, ಎಂಟು, ಹತ್ತು ಯಾವುದೂ ನಡೆಯದು. ಅಂಕಿ ಕೂಡಿದರೆ ಹನ್ನೆರಡು. ಮೂರು ಹೋಗುತ್ತದೆ, ಒಂಬತ್ತು ಹೋಗದು. ಏಳರಿಂದ ಭಾಗಿಸಲು ಹೋಗಿ ನಡುವೆ ತಪ್ಪಿ ಅಳಿಸಿದೆ. ಅಷ್ಟರಲ್ಲಿ ಅಜ್ಜಿ ಎದ್ದು ಬಂದಳು.

"ಲಾಳಿ ಎಲ್ಲೈತಿ?"

ಅಳುತ್ತ ಎಲ್ಲ ಹೇಳಿದೆ. ಓದುಬರಹ ಬಾರದ ಅಜ್ಜಿ ಗೋಡೆಯನ್ನೇ ನೋಡಿದಳು.

"ಇವು ಮಗ್ಗದಾಗ ಹಾಸಿನ ಎಳಿ ನಿಂತಂಗ ನಿಂತಾವಲ್ಲ! ಎಷ್ಟದಾವು?"

"ಹನ್ನೆರಡು."

"ಮತ್ಯಾಕ ಅಳ್ತಿ? ಎರಡೆರಡು ಹಿಡಿ, ಒಂದೂ ಉಳಿಯಂಗಿಲ್ಲ. ಮೂರಮೂರು ಹಿಡಿ, ನಾಕನಾಕು ಹಿಡಿ, ಆರಾರು ಹಿಡಿ. ಎಲ್ಲಾ ಸಮ ಬರ್ತಾವು."

ನನ್ನ ಕಣ್ಣು ತೆರೆಯಿತು. ಎರಡೆರಡು ಹಿಡಿದರೆ ಉದ್ದಕ್ಕೂ ಹನ್ನೊಂದು, ಹನ್ನೊಂದು. ಅಂದಮೇಲೆ ಇಡೀ ಸಂಖ್ಯೆಯನ್ನು ಹನ್ನೊಂದು ಭಾಗಿಸಲೇಬೇಕು. ಹಾಗೆಯೇ 111, 1111, 111111. ಆಗಲೇ ಸಿಕ್ಕಿದ್ದ 3 ಸೇರಿ ಒಟ್ಟು ಐದು!

ಬಸ್ಯಾ ಒಂದೊಂದನ್ನೂ ಭಾಗಿಸಿ ನೋಡಿದ. ಎಲ್ಲಿಯೂ ಶೇಷವಿಲ್ಲ. "ಟೈಮು ಮುಗದೈತಿ. ಅಜ್ಜಿ ಬಂದಾಳ," ಎಂದ.

"ಮಗ್ಗ ಶುರು ಆಗೂತನಾ ಅಂದಿದ್ದಿ. ಲಾಳಿ ನಿನ್ನ ಕೈಯಾಗ ಇದ್ರ ಮಗ್ಗ ಹೆಂಗ ಶುರು ಆಗ್ತೈತಿ, ಶ್ಯಾಣ್ಯಾ?" ಎಂದೆ.

ಅಜ್ಜಿ ಗೊಳ್ಳೆಂದು ನಕ್ಕು ಅವನ ಕೈಯಿಂದ ಲಾಳಿ ಕಿತ್ತುಕೊಂಡಳು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ನನ್ನ ಕಿವಿ ಹಿಂಡಿದಳು. "ನಿಂದಲ್ಲದ್ದನ್ನ ಪಣಕ್ಕ ಇಡ್ತಿಯೇನ, ಖೋಡಿ?" ಎದೆ ಎಷ್ಟು ಹಗುರಾಗಿತ್ತೆಂದರೆ ಆ ನೋವೂ ಹಿತವೆನಿಸಿತು. ಸಂಜೆಗೆ ಸೀರೆ ಇಳಿಯಿತು.

ಮೊನ್ನೆ ಅಂಗಡಿಯಲ್ಲಿ ಕುಳಿತು ಮಗಳಿಗೆ ಇದೇ ಸಂಖ್ಯೆ ಕೊಟ್ಟೆ. ನಾನು ಚಾಳೀಸು ಹುಡುಕುವಷ್ಟರಲ್ಲಿ ಅವಳ ಮೊಬೈಲು ಏಳು, ಹದಿಮೂರು, ಮೂವತ್ತೇಳು, ನೂರಾ ಒಂದು ಎಂದು ಪಟ್ಟಿಯನ್ನೇ ಕೊಟ್ಟಿತು. ಒಳ್ಳೆಯದೇ, ಉತ್ತರಕ್ಕೀಗ ಬರವಿಲ್ಲ. ಸ್ವಂತ ವ್ಯಾಪಾರ ಕಟ್ಟಿದ ಮೇಲೂ ನಾನು ಎಷ್ಟೋ ಸಲ ದುಡುಕಿ ಸಿಕ್ಕಿಬಿದ್ದಿದ್ದೇನೆ. ಬೈಯುವವರು ತಕ್ಷಣ ಬರುತ್ತಾರೆ. ಮೊದಲು ಬಿಡಿಸಿ ಆಮೇಲೆ ಬೈಯುವವಳು ಮಾತ್ರ ಇಲ್ಲ.