ತಿಪ್ಪೇಸ್ವಾಮಿ ಸರ್ ಕೊಡದ ಮಾತ್ರೆ

ಆ ಮಾತ್ರೆ ನೀವು ಕೊಟ್ಟಿದ್ದಲ್ಲ ಸರ್. ನಾನೇ ಕದ್ದು ನುಂಗಿದ್ದು. ಮೂರು ವರ್ಷ ಇದನ್ನು ಹೇಳುವ ಧೈರ್ಯ ಇರಲಿಲ್ಲ — ಈಗಲೂ ಇಲ್ಲ, ಆದರೂ ಟೈಪ್ ಮಾಡುತ್ತಿದ್ದೇನೆ.

ಚಿತ್ರದುರ್ಗದ ಅಂತರ ಕಾಲೇಜು ಕಬಡ್ಡಿ, ನೀವು ನಮ್ಮ ಕೋಚ್. ತೂಕದ ಮಿತಿಗಿಂತ ನಾನು ಎರಡು ಕೆಜಿ ಜಾಸ್ತಿ. "ಈ ಸಲ ಕುಂತ್ಕಳಲೇ, ಮುಂದಿನ ವರ್ಷ ಆಡೀವಂತೆ," ಎಂದಿರಿ. ನನಗೆ ತಡೆಯಲಾಗಲಿಲ್ಲ. ನಾನು ನೋಡದ ಕಬಡ್ಡಿ ವಿಡಿಯೊ ಇರಲಿಲ್ಲ. ಮೈಯ ನೀರು ಹೋದರೆ ತೂಕ ಇಳಿಯುತ್ತದೆ ಎಂದು ಅಲ್ಲೇ ಕಲಿತಿದ್ದೆ. ಅಜ್ಜಿಯ ಕಾಲಿನ ಊತಕ್ಕೆ ಮೈಯ ನೀರು ಇಳಿಸುವ ಮಾತ್ರೆ ಮನೆಯಲ್ಲಿತ್ತು.

ತಕ್ಕಡಿ ಹತ್ತಿದೆ. ತೂಕ ಸರಿಹೋಯಿತು.

"ಏನ್ ತಿಂದೆಲೇ?" ಎಂದು ಕೇಳಿದಿರಿ.

"ಏನೂ ತಿಂದಿಲ್ಲ ಸರ್, ಅದ್ಕೇ ಇಳಿದೈತೆ."

ಎಲ್ಲರೂ ನಕ್ಕರು. ಎರಡನೇ ರೈಡ್‌ಗೆ ಪ್ರಜ್ಞೆ ತಪ್ಪಿ ಮ್ಯಾಟ್ ಮೇಲೆ ಬಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆಯ ವಿಷಯ ಹೇಳಿಬಿಟ್ಟರು. ನಮ್ಮೂರು ಮತ್ತೋಡಿನಿಂದ ಓಡಿ ಬಂದಿದ್ದ ಅಪ್ಪ ಮಂಚದ ಕಂಬಿ ಹಿಡಿದು, "ಯಾರ್ ಕೊಟ್ರೋ ನಿಂಗೆ?" ಎಂದರು. ಕದ್ದೆ ಎಂದರೆ ನನ್ನ ಆಟ ಅಲ್ಲಿಗೇ —

"ಸರ್ ಕೊಟ್ರು," ಎಂದೆ.

ತಲೆ ತಿರುಗಿಸಿದರೆ ನೀವು ಬಾಗಿಲಲ್ಲೇ ಇದ್ದಿರಿ, ಕೈಯಲ್ಲಿ ಎಳನೀರು. "ಮೊದ್ಲು ಹುಡುಗ ಹುಷಾರಾಗ್ಲಿ, ಆಮೇಲೆ ಮಾತಾಡಾಣ," ಎಂದಿರಿ ಅಷ್ಟೇ. ಆಮೇಲೆ ನಿಮ್ಮ ಮಾತು ಯಾರೂ ಕೇಳಲಿಲ್ಲ. ಕಾಲೇಜು ನಿಮ್ಮನ್ನು ತೆಗೆಯಿತು.

ಒಮ್ಮೆ ಹಿರಿಯೂರು ಬಸ್ಸಿನಲ್ಲಿ ಇಬ್ಬರು ಹುಡುಗರ ಮಾತು ಕೇಳಿದೆ.

"ಮಾತ್ರೆ ಮೇಷ್ಟ್ರು ಈಗ ತಾಳ್ಯದಾಗೆ ಕಬಡ್ಡಿ ಹೇಳ್ಕೊಡ್ತಾರಂತೆ."

"ಹೋಗಲೇ ನೀನೂ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟ ಆದ್ಮೇಲೆ."

ನಾನೂ ನಕ್ಕೆ ಸರ್. ನಗದಿದ್ದರೆ ಗೊತ್ತಾಗಿಬಿಡುತ್ತದೇನೋ ಎಂಬ ಹೆದರಿಕೆ.

ಮೊನ್ನೆ ಹೊಳಲ್ಕೆರೆಯ ಕಾಲೇಜೊಂದರಿಂದ ಫೋನ್ ಬಂತು. ನಿಮ್ಮನ್ನು ಕೋಚ್ ಮಾಡಿಕೊಳ್ಳುವ ಯೋಚನೆಯಂತೆ. "ಅವತ್ತಿಂದು ನಿಜ ಏನಪ್ಪ?" ಎಂದು ಕೇಳಿದರು. ನಾನು — ಕಟ್ ಮಾಡಿದೆ. ಎರಡು ದಿನ ಫೋನ್ ಮುಟ್ಟಲೂ ಭಯ.

ನಿಮ್ಮೊಬ್ಬರಿಗೇ ಹೇಳಿದರೆ "ಹೋಗ್ಲಿ ಬಿಡಲೇ" ಎಂದುಬಿಡುತ್ತೀರಿ, ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಇವತ್ತು ಮೊದಲು ಹೊಳಲ್ಕೆರೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಮೇಲೆ ಅಪ್ಪನಿಗೆ. ಅವರು ಎದ್ದು ಜಗಲಿಗೆ ಹೋದರು, ಇನ್ನೂ ಒಳಗೆ ಬಂದಿಲ್ಲ. ನಾನಿನ್ನೂ ಅವರ ಮುಂದೆ ಹೋಗಿಲ್ಲ.

ಇದನ್ನು ನಮ್ಮ ಹಳೆಯ ಟೀಮಿನ ಗ್ರೂಪಿಗೆ ಹಾಕುತ್ತಿದ್ದೇನೆ, ನೀವೂ ಅದರಲ್ಲಿದ್ದೀರಿ. ಹಾಕಿ, ಹೊರಗೆ ಜಗಲಿಗೆ, ಅಪ್ಪನ ಹತ್ತಿರ ಹೋಗುತ್ತೇನೆ.