ಚಿತ್ತಪ್ಪನವರ ಚಿಕ್ಕ ಲೆನ್ಸು

ಕೆರೆಬಿಳಚಿಯ ಆ ಮನೆಯೊಳಗೆ ಇನ್ನೂ ಬೆಳಕು ಹರಿದಿಲ್ಲ. ತೀರಿಕೊಂಡ ಅಜ್ಜಿಗೆ ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂರಿಸಿದ್ದಾರೆ. ಫೋಟೋ ತೆಗೆಯಲು ಬಂದ ಚಿತ್ತಪ್ಪ ಬಾಗಿಲಲ್ಲೇ ನಿಂತು ತಲೆಯಾಡಿಸುತ್ತಾರೆ. “ಇಲ್ಲಿ ಬ್ಯಾಡ್ರಿ, ಕತ್ಲು ಐತೆ. ಅಜ್ಜಿನ ಜಗಲಿಗೆ ತಗಂಡ್ ಬರ್ರಿ, ಮೂಡ್ಲ ಕಡೆ ಮುಖ ಮಾಡಿ ಕುಂದ್ರುಸ್ರಿ.”

ಸಾವಿನ ಮನೆಯಲ್ಲಿ ಇದೊಂದು ಕಿರಿಕಿರಿ. ಮಗ ಹಾಲಸ್ವಾಮಿ ಗೊಣಗುತ್ತಲೇ ತಾಯಿಯ ಕುರ್ಚಿಗೆ ಕೈ ಹಾಕುತ್ತಾರೆ. ಚಿತ್ತಪ್ಪ ಕೋಟಿನ ಜೇಬಿನಿಂದ ಕ್ಯಾಮೆರಾ ತೆಗೆಯುತ್ತಾರೆ. ಅದರ ಮುಂದಿರುವ ಲೆನ್ಸು ನಸ್ಯದ ಡಬ್ಬಿಗಿಂತ ದಪ್ಪವಿಲ್ಲ. ಅದು ಬೆಳಕನ್ನು ಜಿಪುಣತನದಿಂದ ಕುಡಿಯುತ್ತದೆ, ಅದಕ್ಕೇ ಅರ್ಧ ಸೆಕೆಂಡು ಯಾರೂ ಮಿಸುಕಬಾರದು. “ಉಸುರು ಹಿಡೀರಿ” ಎಂದಾಗ ಮನೆಮಂದಿ ಬಿಕ್ಕುವುದನ್ನೂ ನಿಲ್ಲಿಸುತ್ತಾರೆ. ಅಜ್ಜಿಗೆ ಮಾತ್ರ ಏನೂ ಹೇಳಬೇಕಾಗಿಲ್ಲ. ಫ್ಲ್ಯಾಷ್ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಅರೆತೆರೆದ ಕಣ್ಣು ಮಿಂಚಿದರೆ ನೋಡಲಾಗುವುದಿಲ್ಲ ಎನ್ನುತ್ತಾರೆ.

ಚಿತ್ತಪ್ಪನವರಿಗೆ ಈಗ ಐವತ್ತೆರಡು. ಚನ್ನಗಿರಿ ಬಸ್‌ ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯೇ ಅವರ ಮನೆ, ಅದೇ ಡಾರ್ಕ್‌ ರೂಮು. ಬೋರ್ಡಿಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬಸ್ಸಿನ ಕಂಡಕ್ಟರು ಸುದ್ದಿ ತರುತ್ತಾರೆ, ಇವರು ಸಿಕ್ಕ ಬಸ್ಸು ಹತ್ತುತ್ತಾರೆ. ತಿಂಗಳಿಗೆ ಏಳೆಂಟು ಸಾವು, ಮನೆಗೆ ಮೂರು ಫೋಟೋ. ಹದಿನೆಂಟು ವರ್ಷಗಳಲ್ಲಿ ಸಾವಿರದ ಆರುನೂರು ಮನೆಗಳಾದರೂ ಆಗಿರಬೇಕು. ಮದುವೆಗೆ ಕರೆದವರು ನಾಲ್ಕೇ ಮಂದಿ. ಇವರಿಗೆ ಹೆಣ್ಣು ಕೊಡಲಂತೂ ಯಾರೂ ಮುಂದೆ ಬರಲಿಲ್ಲ. “ಹೋಟ್ಲಿಗೆ ಹೋದ್ರೆ ಊಟ ಆತಾ ಅಂತ ಯಾರೂ ಕೇಳಲ್ರಿ. ಇವತ್ತು ಯಾರ ಮನಿ ಅಂತಾರೆ” ಎಂದು ನಗುತ್ತಾರೆ. ಆ ನಗುವಿನಲ್ಲಿ ಸಂಕಟವಿದೆ, ಅದನ್ನು ಅವರು ಮುಚ್ಚಿಡಲೂ ಹೋಗುವುದಿಲ್ಲ.

ಮೊದಲು ಅವರ ಬಳಿ ಇದ್ದದ್ದು ದೊಡ್ಡ ಲೆನ್ಸು. ದಾವಣಗೆರೆಯಲ್ಲಿ ಅಂಗಡಿ ಮುಚ್ಚುತ್ತಿದ್ದ ಸ್ಟುಡಿಯೋದವರು ರೇಂಜ್‌ಫೈಂಡರ್ ಕ್ಯಾಮೆರಾದ ಜೊತೆ ಎರಡು ಲೆನ್ಸು ಮುಂದಿಟ್ಟು, ಒಂದನ್ನು ಆರಿಸಿಕೋ ಎಂದಿದ್ದರಂತೆ. ಕತ್ತಲ ಮನೆಯಲ್ಲೂ ಫೋಟೋ ಬರುತ್ತದೆಂದು ಚಿತ್ತಪ್ಪ ಲೋಟದಷ್ಟಿದ್ದ ದೊಡ್ಡದನ್ನೇ ಎತ್ತಿಕೊಂಡರು. ಈ ಬಗೆಯ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಮೇಲಿನ ಬೇರೊಂದು ಕಿಂಡಿಯಿಂದ ನೋಡಬೇಕು. ಲೆನ್ಸು ದಪ್ಪಗಿದ್ದರೆ ಕಿಂಡಿಗೆ ಅಡ್ಡ ಬಂದು ಬಲಗಡೆಯ ಕೆಳಮೂಲೆಯನ್ನು ಮುಚ್ಚಿಬಿಡುತ್ತದೆ. ಅಲ್ಲಿರುವುದು ಕಣ್ಣಿಗೆ ಕಾಣದು, ಫಿಲ್ಮಿನಲ್ಲಿ ಮಾತ್ರ ಮೂಡುತ್ತದೆ.

ಎಪ್ಪತ್ತಾರನೇ ಇಸವಿಯಲ್ಲಿ ಜಗಳೂರಿನ ಷಣ್ಮುಖಪ್ಪ ಎಂಬ ಹಿರಿಯರು ತೀರಿಕೊಂಡರು. ಅವರ ಸೊಸೆ ಕಲ್ಲಮ್ಮ ಐದು ತಿಂಗಳ ಮಗಳನ್ನು ಎತ್ತಿಕೊಂಡು ಅದೇ ಬಲಮೂಲೆಯಲ್ಲಿ ಕೂತಿದ್ದಳು. ಚಿತ್ತಪ್ಪ ಗುಂಡಿ ಒತ್ತಿದ ಗಳಿಗೆಯಲ್ಲೇ ಕೂಸು ತಾಯಿಯ ಮೂಗು ಹಿಡಿದೆಳೆಯಿತು. ಅತ್ತು ಅತ್ತು ಸೋತಿದ್ದ ಅವಳಿಗೆ ಪಕ್ಕನೆ ನಗು ಬಂತು. ಫೋಟೋ ಮನೆಗೆ ಬಂದಾಗ ನಡುವೆ ಸತ್ತ ಮಾವ, ಮೂಲೆಯಲ್ಲಿ ಹಲ್ಲು ಕಾಣುವಂತೆ ನಗುವ ಸೊಸೆ. ಕೂಸಿನ ಕೈ ನೆರಳಲ್ಲಿ ಸರಿಯಾಗಿ ಮೂಡಿರಲೇ ಇಲ್ಲ. ಅತ್ತೆ ಸರ್ವಮಂಗಳಮ್ಮ ಅವಳನ್ನು ಗೋವಿನಕೋವಿಯ ತವರಿಗೆ ಕಳಿಸಿದರು. ಗಂಡನೇ ಬಸ್ಸು ಹತ್ತಿಸಿದ.

ಚಿತ್ತಪ್ಪ ಜಗಳೂರಿಗೆ ಓಡಿದರು. “‘ತಪ್ಪು ನಂದು ಕಣವ್ವ, ನಂಗೆ ಆ ಮೂಲೆ ಕಾಣ್ಲಿಲ್ಲ, ಕಂಡಿದ್ರೆ ತಡೀತಿದ್ದೆ’ ಅಂದೆ. ‘ಫೋಟೋನೇ ಹೇಳ್ತೈತಲ್ಲ, ನೀನೇನು ಹೇಳಾಕೆ ಬಂದಿ’ ಅಂದ್ರು ಅತ್ತೆ.” ಆಮೇಲೆ ಸರ್ವಮಂಗಳಮ್ಮ ಕೇಳಿದ್ದು ಒಂದೇ, ಮೂಲೆ ಬಿಟ್ಟು ಇನ್ನೊಂದು ಪ್ರತಿ. ಅದಾದರೆ ಜಗಳ ತಣ್ಣಗಾದೀತೆಂದು ಚಿತ್ತಪ್ಪ ಮಾಡಿಕೊಟ್ಟರು. ಮನೆಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕಲ್ಲಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ. “ಮನಿಯಿಂದ ಅತ್ತೆ ಕಳಿಸಿದ್ರು, ಗೋಡೆಯಿಂದ ನಾನು ಕಳಿಸ್ದೆ” ಎನ್ನುತ್ತಾರೆ ಚಿತ್ತಪ್ಪ.

ಆ ಪ್ರತಿ ಕೊಟ್ಟ ವಾರವೇ ದಾವಣಗೆರೆಗೆ ಹೋಗಿ, ಹಳೆಯ ಸ್ಟುಡಿಯೋದವರ ಮನೆ ಹುಡುಕಿ ದೊಡ್ಡ ಲೆನ್ಸು ಕೊಟ್ಟು, ಅಂದು ಬೇಡವೆಂದಿದ್ದ ಚಿಕ್ಕದನ್ನು ತಂದರು. ಅಂದಿನಿಂದ ಸತ್ತವರನ್ನು ಬೆಳಕಿಗೆ ಹೊರುವ ಕೆಲಸ ಶುರುವಾಯಿತು. ಜನ ಬೈದರೂ ಅವರು ಜಗ್ಗುವುದಿಲ್ಲ. ಕಿಂಡಿಯ ನಾಲ್ಕೂ ಮೂಲೆ ನೋಡದೆ ಬೆರಳು ಒತ್ತುವುದೂ ಇಲ್ಲ.

ಕೆರೆಬಿಳಚಿಯ ಬಸ್‌ ನಿಲ್ದಾಣದಲ್ಲಿ ಅವರು ಕ್ಯಾಮೆರಾ ಒರೆಸುತ್ತಾ ಕೂತಿದ್ದಾರೆ. ಎಣಿಕೆಯ ಮುಳ್ಳು ಮೂವತ್ತೈದರಲ್ಲಿದೆ, ರೋಲಿನಲ್ಲಿ ಇನ್ನೊಂದು ಫೋಟೋಗೆ ಜಾಗವಿದೆ. ಎಂಟು ವರ್ಷದಿಂದ ಪ್ರತಿ ರೋಲಿನ ಕೊನೆಯದನ್ನು ಕಲ್ಲಮ್ಮನಿಗೆಂದು ಬಿಡುತ್ತಾರಂತೆ. ಗೋವಿನಕೋವಿ ಕಡೆ ಹೋದಾಗಲೆಲ್ಲ ಆಕೆ ಟೀ ಕೊಡುತ್ತಾಳೆ, ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಾಳೆ. “ನಗು ಬಂದಾಗ ಕಂಡಕ್ಟ್ರ ಕೈಲಿ ಹೇಳಿ ಕಳುಸ್ತೀನಿ ಬಿಡಣ್ಣ” ಎಂದಿದ್ದಾಳೆ. ರೋಲು ತೊಳೆದಾಗ ಕೊನೆಯ ಫೋಟೋ ಪ್ರತಿ ಸಲವೂ ಖಾಲಿಯೇ ಬರುತ್ತದೆ.

ದೂರದಲ್ಲಿ ಬಸ್ಸಿನ ಧೂಳು ಕಾಣುತ್ತದೆ. ಚಿತ್ತಪ್ಪ ಕ್ಯಾಮೆರಾವನ್ನು ಜೇಬಿಗಿಳಿಸಿ ಏಳುತ್ತಾರೆ.

“ಆಯಮ್ಮ ಒಂದ್ಸಲ ನಗ್ಬೇಕ್ರಿ. ಮೂಲ್ಯಾಗೆ ಬ್ಯಾಡ. ನಟ್ಟನಡುವೆ ಕುಂದ್ರುಸಿ ತೆಗೀತೀನಿ.”