ಇಂಚಣ್ಣನ ಅಳತೆ ಪುಸ್ತಕ

ನನ್ನ ದರ್ಜಿ ಗೆಳೆಯ ತೀರಿಕೊಂಡು ಇಪ್ಪತ್ತು ದಿನವಾಯಿತು. ಬೀದಿಯವರಿಗೆ ಅವನು ಇಂಚಣ್ಣ. ಮೂವತ್ತು ವರ್ಷ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರ್ ಓದಿದವನು ನಾನು. ಅವನ ಬಗ್ಗೆ ಹೇಳಲು ದೊಡ್ಡ ಸಂಗತಿಗಳಿಲ್ಲ.

ಗಿರಾಕಿಯ ಅಳತೆಯನ್ನು ಅವನು ಇನ್ನೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ. ಹೊಟ್ಟೆ ಕರಗಿಸುವ ಉಪಾಯ ಹೇಳುವವರು ಅಂಗಡಿಗೆ ಬರುತ್ತಲೇ ಇದ್ದರು. ಯಾರಿಗೆ ಇಳಿಯಿತು, ಎಷ್ಟು ದಿನ ನಿಂತಿತು ಎಂದಷ್ಟೇ ಇವನು ಕೇಳುತ್ತಿದ್ದ. "ಬಾಯಿ ಏನು ಬೇಕಾದ್ರೂ ಹೇಳತ್ತೆ, ಪ್ಯಾಂಟು ಸುಳ್ಳು ಹೇಳಲ್ಲ" ಎನ್ನುವುದು ಅವನ ಮಾತು.

ಗಂಡ ಹೋದ ಮೇಲೆ ಅವನ ತಂಗಿ ಅಂಗಡಿಯಲ್ಲೇ ಗುಂಡಿ ಹೊಲಿಯುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಪಕ್ಕದ ಬೀದಿಯ ಜಿಮ್ ಮಾಸ್ತರ ಒಂದು ಪುಡಿ ಮಾರುತ್ತಿದ್ದ. ಹೋದ ವರ್ಷ ತನ್ನ ಸೊಂಟ ನಲವತ್ತೆರಡಿತ್ತು, ಪುಡಿ ತಿಂದು ಮೂವತ್ತಾರಾಯಿತು, ಸಕ್ಕರೆಯೂ ಓಡಿಹೋಯಿತು ಎನ್ನುತ್ತಿದ್ದ. ಅವಳು ಇನ್ಸುಲಿನ್ ಬಿಡಲು ಹೊರಟಳು.

"ಡಾಕ್ಟ್ರನ್ನ ಒಂದ್ಮಾತು ಕೇಳೇ."

"ಡಾಕ್ಟ್ರು ಚುಚ್ಕೋ ಅಂತಾನೇ ಹೇಳೋದು. ಬಟ್ಟೆ ಹೊಲಿಯೋ ನಿಂಗೇನಣ್ಣ ಗೊತ್ತು?"

ಗೊತ್ತಿತ್ತು. ಮಾಸ್ತರನ ಪ್ಯಾಂಟುಗಳನ್ನು ಆರು ವರ್ಷದಿಂದ ಹೊಲಿಯುತ್ತಿದ್ದವನು ಇವನೇ. ಆದರೂ ಬಾಯಿ ಬಿಡಲಿಲ್ಲ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಮಾಸ್ತರ ಹೊಸ ಪ್ಯಾಂಟಿಗೆ ಬಟ್ಟೆ ತಂದ. ಯಾವಾಗಲೂ ತಾನೇ ಬರೆದುಕೊಳ್ಳುವ ಇಂಚಣ್ಣ ಅಂದು ಮಾಸ್ತರನ ಪುಟ ತೆಗೆದು ಅಳತೆ ಪುಸ್ತಕವನ್ನು ತಂಗಿಯ ಮಡಿಲಿಗಿಟ್ಟ.

"ಕಣ್ಣು ಮಂಜು ಕಣೇ. ನಾನು ಹೇಳ್ತೀನಿ, ನೀನು ಬರಿ. ಸೊಂಟ ಮೂವತ್ತಾರು."

ಅವಳು ಬರೆಯಬೇಕಾದ ಜಾಗಕ್ಕಿಂತ ಮೇಲೆ ಆರು ವರ್ಷದ ಸಾಲುಗಳಿದ್ದವು. ಎಲ್ಲದರಲ್ಲೂ ಮೂವತ್ತಾರು, ಒಂದರಲ್ಲಿ ಮಾತ್ರ ಮೂವತ್ತೈದೂವರೆ. ಪೆನ್ನು ನಿಂತಿತು.

"ಬರ್ದ್ಯಾ?"

"ಹೂಂ."

"ನೋಡಿದ್ರಾ ಅಕ್ಕಾ, ಪುಡಿ ಮಹಿಮೆ" ಎಂದು ಮಾಸ್ತರ ಎದೆ ಸೆಟೆಸಿದ.

"ನೋಡ್ದೆ" ಎಂದಳು.

ಮಾಸ್ತರ ಹೋದ ಮೇಲೆ ಅವಳು ಪುಸ್ತಕ ಮುಚ್ಚಿ ಅಣ್ಣನ ಕೈಗಿಟ್ಟಳು. ಊಟದ ಹೊತ್ತಿಗೆ ಚೀಲದಿಂದ ಇನ್ಸುಲಿನ್ ತೆಗೆದುಕೊಂಡು ಪರದೆಯ ಹಿಂದೆ ಹೋದಳು.

ಇಂಚಣ್ಣ ನನ್ನ ಕಡೆ ತಿರುಗಿ, "ಗಿರಾಕಿ ಗುಟ್ಟು ಬಿಟ್ಟುಕೊಟ್ಟೆನಲ್ಲೋ" ಎಂದ. ಮುಖ ಬಾಡಿತ್ತು. ನಾನು ತಮಾಷೆಯೆಂದುಕೊಂಡು ನಕ್ಕುಬಿಟ್ಟೆ. ನೀನು ಮಾಡಿದ್ದು ಸರಿ ಕಣೋ ಎನ್ನಬೇಕಿತ್ತು.